ಮೊರಬದ ಕಣದಲ್ಲಿ ಒಂದು ಪಾಯಿಂಟ್

ಬೆಳಿಗ್ಗೆ ಎಂದಿನಂತೆ ಹನ್ನೆರಡು ರೊಟ್ಟಿ ಬಡಿದು, ಮನೆಯವರ ಡಬ್ಬಿ ಕಟ್ಟಿ, ತುಳಸಿಗೆ ನೀರು ಹಾಕಿದೆ. ಅವರು ಬಾಗಿಲು ದಾಟಿದ ಮೇಲೆ ಮಗಳ ಹಳೆಯ ಕ್ಯಾನ್ವಾಸ್ ಬೂಟನ್ನು ಚೀಲದ ತಳಕ್ಕಿಟ್ಟು, ಮೇಲೆ ಗಿರಿಜಾಳಿಗೆಂದು ಶೇಂಗಾ ಹೋಳಿಗೆ ಇಟ್ಟೆ. ಬಾಜು ಮನೆಯ ನೀಲವ್ವನಿಗೆ ಮಾತ್ರ ಹೇಳಿ ಹೊರಟೆ.

ಗಿರಿಜಾ ನನ್ನ ಕಾನ್ವೆಂಟಿನ ಗೆಳತಿ. ಹನ್ನೊಂದು ವರ್ಷ ಟೆನಿಸ್ ಆಡಿಯೇ ಬದುಕಿದಳು. ಭುಜ ಕೈಕೊಟ್ಟ ಮೇಲೆ ಅಣ್ಣನಿರುವ ಮೊರಬಕ್ಕೆ ಬಂದು ಹುಡುಗಿಯರಿಗೆ ಆಟ ಕಲಿಸುತ್ತಿದ್ದಾಳೆ. ಶಾಲೆಯಲ್ಲಿ ನಾನೇ ಅವಳನ್ನು ಸೋಲಿಸುತ್ತಿದ್ದೆ ಎಂದು ಮದುವೆಯಾಗಿ ಅಣ್ಣಿಗೇರಿಗೆ ಬಂದಾಗಿನಿಂದ ಹೇಳುತ್ತಿದ್ದೇನೆ. ಅದು ನಿಜವೂ ಹೌದು. ಹತ್ತನೇ ತರಗತಿ ಮುಗಿದಾಗ ನಾನು ರಾಕೆಟ್ ಕೆಳಗಿಟ್ಟೆ, ಅವಳು ಇಡಲಿಲ್ಲ. ಈಗಲೂ ಒಂದು ಪಾಯಿಂಟಾದರೂ ಗೆದ್ದು ಬರಬೇಕೆಂದಿತ್ತು.

ನವಲಗುಂದದವರೆಗೆ ಮುಕ್ಕಾಲು ತಾಸು. ಸ್ಟ್ಯಾಂಡಿನಲ್ಲಿ ಗಿರ್ಮಿಟ್ ತಿಂದು ಮೊರಬದ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ಕಂಡಕ್ಟರ್ ಸೊನ್ನೆಯ ಟಿಕೆಟ್ ಹರಿದುಕೊಡುತ್ತ, “ಟೆನಿಸ್ ಅಕ್ಕಾರ ಮನಿಗೇನ್ರಿ?” ಎಂದರು. ಬೂಟಿನ ತುದಿ ಚೀಲದ ಹರಿದ ಮೂಲೆಯಿಂದ ಇಣುಕುತ್ತಿತ್ತು. ಅಣ್ಣಿಗೇರಿಯಲ್ಲಿ ನನ್ನ ಮನೆ ಕೇಳುವವರು ಮನೆಯವರ ಹೆಸರು ಹಿಡಿದೇ ಕೇಳುತ್ತಾರೆ. ಕಡಲೆ ಕಿತ್ತ ಎರೆಹೊಲಗಳನ್ನು ನೋಡುತ್ತ ಬೂಟನ್ನು ಒಳಗೆ ತಳ್ಳಿದೆ.

ಗಿರಿಜಾಳ ಪಡಸಾಲೆಯಲ್ಲಿ ಆಟದಲ್ಲಿ ಗೆದ್ದ ಕಪ್ ಒಂದೂ ಇರಲಿಲ್ಲ. ಒಳಗೊಳಗೇ ಹಿಗ್ಗಿದೆ. ಅವಳು ಬಿಸ್ಕತ್ತಿನ ಡಬ್ಬಿಯಿಂದ ಹಳೆಯ ಪಾಸ್‌ಪೋರ್ಟ್ ತೆಗೆದು ಪುಟ ತಿರುವಿದಳು.

“ಇದು ಕೈರೋ. ಮೊದಲ್ನೇ ಸುತ್ತಿನ್ಯಾಗ ಸೋತೆ. ಇದು ತಾಷ್ಕೆಂಟ್. ಅಲ್ಲೂ ಸೋತೆ. ಎಲ್ಲಾ ಕಡೆ ಸೋತೀನಿ ನೋಡಲೇ ಶೋಭಿ!” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನಾನು ಹುಬ್ಬಳ್ಳಿ ದಾಟಿ ಸೋತವಳೂ ಅಲ್ಲ.

ರಾಶಿ ಮಾಡುವ ಯಂತ್ರ ಈಗ ಹೊಲಕ್ಕೇ ಬರುವುದರಿಂದ ಅವಳ ಅಣ್ಣನ ಕಣ ಖಾಲಿ ಬಿದ್ದಿತ್ತು. ಅದಕ್ಕೆ ನೀರುಣಿಸಿ, ಕಲ್ಲುಗುಂಡು ಉರುಳಿಸಿ, ಸಗಣಿ ಸಾರಿಸಿ, ಸುಣ್ಣದ ಗೆರೆ ಎಳೆದು ಅಂಕಣ ಮಾಡಿದ್ದಳು. ಬೂಟು ತೊಟ್ಟು ಸೆರಗು ಸಿಕ್ಕಿಸಿದೆ. ಅಂಪೈರ್ ಇಲ್ಲದ ಆಟದಲ್ಲಿ ನಮ್ಮ ಬದಿಗೆ ಬಿದ್ದ ಚೆಂಡಿನ ತೀರ್ಪು ನಮ್ಮದೇ; ಗೆರೆ ಮುಟ್ಟಿದರೂ ಚೆಂಡು ಒಳಗೆ ಬಿದ್ದ ಲೆಕ್ಕ. ಮೊದಲ ನಾಲ್ಕು ಪಾಯಿಂಟ್ ಅವಳಿಗೆ ಹೋದವು. ಐದನೆಯ ಚೆಂಡು ನನ್ನನ್ನು ದಾಟಿ ಗೆರೆಯ ಮೇಲೆಯೇ ಬಿತ್ತು.

“ಔಟ್,” ಅಂದೆ.

ಸಗಣಿ ಇನ್ನೂ ಹಸಿ. ಸುಣ್ಣದ ಮೇಲೆ ಚೆಂಡಿನ ಗುರುತು ಚಂದ್ರನ ತುಂಡಿನಂತೆ ಮೂಡಿತ್ತು. ಗಿರಿಜಾ ಬಲೆಯವರೆಗೆ ಬಂದು ಗುರುತು ನೋಡಿದಳು, ಆಮೇಲೆ ನನ್ನ ಮುಖ.

“ನಿನ್ನ ಬಾಜು ಬಿದ್ದದ್ದು. ನೀ ಅಂದದ್ದೇ ಖರೆ,” ಎಂದು ತಿರುಗಿ ನಡೆದಳು.

ಗುರುತನ್ನು ಬೂಟಿನಿಂದ ಒರೆಸಿಬಿಟ್ಟೆ.

ಸಂಜೆ ಅಣ್ಣಿಗೇರಿಯಲ್ಲಿ ಇಳಿದು ಬಂದಾಗ ನೀಲವ್ವ ಕಟ್ಟೆಯ ಮೇಲೆ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು.

“ಆಡಿದ್ರೇನ್ರಿ ಅಕ್ಕಾರ?”

“ಆಡಿದ್ವಿ. ಒಂದು ಪಾಯಿಂಟ್ ಗೆದ್ದೆ.”

ನೀಲವ್ವ ಸೊಪ್ಪಿನಿಂದ ತಲೆ ಎತ್ತಲಿಲ್ಲ. “ಅಯ್ಯ, ಆಕಿನೇ ಬಿಟ್ಟುಕೊಟ್ಟಿರ್ತಾಳ ಬಿಡ್ರಿ. ಮನಿಗೆ ಬಂದಾಕಿ ಬರಿಗೈಲೆ ಹೋಗಬಾರ್ದಂತ.”