ಕಾಯಿ ನಿಂತ ಜಾಗ

ನನ್ನ ತಂಗಿ ಸುನಂದ ಅರೆಹುಚ್ಚಿ. ಒಡಹುಟ್ಟಿದವಳ ಬಗ್ಗೆ ಹೀಗೆ ಬರೆಯಬಾರದು, ಆದರೆ ಬ್ರಹ್ಮಾಂಡ ಹೇಗೆ ಹುಟ್ಟಿತೋ ಅಂತ ತಟ್ಟೆ ಮುಂದೆ ಕೂತು ಅಳುವವರು ನಮ್ಮೂರು ಬೈರಕೂರಿನಲ್ಲಿ ಇನ್ನೊಬ್ಬರಿಲ್ಲ.

ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಅವಳಿಗೆ ಸಂಶೋಧನೆಯ ಕೆಲಸ. ವಿಶ್ವ ಎಳೆಯದಾಗಿದ್ದಾಗಿನ ಬೆಳಕು ಇವತ್ತಿಗೂ ಆಕಾಶದ ತುಂಬ ಇದೆಯಂತೆ, ಕಣ್ಣಿಗೆ ಕಾಣದ ಮೈಕ್ರೋವೇವ್ ಅಲೆಗಳಾಗಿ. ಹುಟ್ಟಿದ ಕ್ಷಣದಲ್ಲೇ ವಿಶ್ವ ಗಕ್ಕನೆ ಉಬ್ಬಿದ್ದು ನಿಜವಾದರೆ, ಆ ಬೆಳಕಿನಲ್ಲಿ ಸಣ್ಣದೊಂದು ಸುಳಿಯ ಗುರುತು ಉಳಿದಿರಬಹುದಂತೆ. ವರ್ಷಗಟ್ಟಲೆ ಅದನ್ನೇ ಹುಡುಕಿದಳು. ಹೋದ ತಿಂಗಳು ಸಿಕ್ಕಿತು.

ಸಿಕ್ಕ ಮೇಲೆ ನಿದ್ದೆ ಹೋಯಿತು. ನಕ್ಷತ್ರಗಳ ನಡುವಿನ ಧೂಳೂ ಅಂಥದೇ ಸುಳಿ ತೋರಿಸುತ್ತದಂತೆ. ಧೂಳು ಕಡಿಮೆಯೆಂದು ಆಕಾಶದ ಒಂದು ಮೂಲೆಯನ್ನು ಹುಡುಕಾಟಕ್ಕೆ ಆರಿಸಿದ್ದು ಇವಳೇ. ಈಗ ಧೂಳಿನ ಹೊಸ ನಕ್ಷೆ ಕೈಗೆ ಬಂದಿದೆ, ಧೂಳಿನ ಪಾಲನ್ನು ಲೆಕ್ಕದಿಂದ ಕಳೆದು ನೋಡಿದರೆ ಮುಗಿಯಿತು. ನೋಡಲು ಧೈರ್ಯವಿಲ್ಲ. ಸುಳಿ ಉಳಿದರೆ ಹೆಸರು, ಕೆಲಸ. ಅಳಿಸಿಹೋದರೆ ಎರಡೂ ಇಲ್ಲ. ಸೋಮವಾರ ಸಂಸ್ಥೆಯಲ್ಲಿ ಎಲ್ಲರ ಮುಂದೆ ಫಲಿತಾಂಶ ಹೇಳಬೇಕು ಅನ್ನುವಾಗ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಓಡಿಬಂದಳು.

ನಮ್ಮಪ್ಪ ಕದಿರಪ್ಪ ಬೋರ್‌ವೆಲ್‌ಗೆ ಪಾಯಿಂಟ್ ತೋರಿಸುತ್ತಾನೆ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾನೆ, ಕಾಯಿ ಎದ್ದು ನಿಂತ ಕಡೆ ನೀರಿದೆಯೆಂದು ಗುರುತಿಗೆ ಕಲ್ಲಿಡುತ್ತಾನೆ. ನಂಗಲಿಯಿಂದ ದೇವರಾಯಸಮುದ್ರದವರೆಗೆ ಅವನ ಮಾತೆಂದರೆ ಮಾತು.

ಶನಿವಾರ ಅಪ್ಪ ಊಟಕ್ಕೆ ಕೂತಿದ್ದಾಗ ಇವಳು ಕೇಳಿಯೇಬಿಟ್ಟಳು.

"ಅಪ್ಪ, ಕಾಯಿ ನಿಂತ್ಕೊಳ್ತದಲ್ಲ, ಅದು ನೀರಿಗೆ ನಿಂತಿದ್ದೋ, ನಿನ್ ಕೈಯೇ ಎತ್ತಿದ್ದೋ, ಹೆಂಗ್ ಗೊತ್ತಾಗ್ತದೆ?"

"ಉಣ್ಣೋ ಹೊತ್ನಲ್ಲಿ ಕೇಳೋ ಮಾತೇನೇ ಅದು?" ಅಂತ ಗದರಿದೆ.

"ನೀನ್ ಸುಮ್ನಿರಣ್ಣ. ನಂಗೆ ಸಾಯೋ ಹಂಗಾಗಿದೆ."

ಅಪ್ಪ ಅರ್ಧ ಮುದ್ದೆ ಬಿಟ್ಟು ಕೈ ತೊಳೆದ.

"ಗೊತ್ತಾಗಲ್ಲ ತಲ್ಲೀ. ಹೊಲದೋರು ಹಿಂದೇನೇ ಬರ್ತಿರ್ತಾರೆ. ಅವರ ಮುಖ ನೋಡಿದ್ರೆ ಎಲ್ಲಾದ್ರೂ ನಿಲ್ಲಲಿ ಅನ್ಸತ್ತೆ. ನಿಂತ್ಬಿಡ್ತದೆ. ಅದಕ್ಕೇ ಕೊರೆಯೋ ದಿನ ನಾನು ಹೋಗಲ್ಲ."

ಕೊರೆಯುವ ಲಾರಿ ಬಂದ ದಿನ ಅಪ್ಪನಿಗೆ ಹುಷಾರಿಲ್ಲ ಅಂತ ಫೋನಿನಲ್ಲಿ ಹೇಳುತ್ತಿದ್ದವನು ನಾನೇ. ನಿಜವೆಂದೇ ನಂಬಿದ್ದೆ.

ಸುನಂದ ಜಗಲಿಯಲ್ಲಿ ಕೂತು ನಕ್ಷೆ ತೆರೆದಳು. ಅಪ್ಪನೂ ಪಕ್ಕಕ್ಕೆ ಬಂದು ಕೂತ, ಏನೂ ತಿಳಿಯದಿದ್ದರೂ ಪರದೆಯನ್ನೇ ನೋಡಿದ. ಹೊತ್ತಿಳಿಯುವಷ್ಟರಲ್ಲಿ ಧೂಳು ಕಳೆದಿದ್ದಳು. ಸುಳಿ ಇರಲಿಲ್ಲ.

"ಹಂಗಾದ್ರೆ ನೀನ್ ಹೇಳ್ತಿದ್ಯಲ್ಲ, ವಿಶ್ವ ಉಬ್ಬಿದ್ದು, ಅದು ಸುಳ್ಳಾ?" ಅಂದ ಅಪ್ಪ.

"ಅದೂ ಗೊತ್ತಿಲ್ಲಪ್ಪ. ನಾನು ತೋರಿಸಿದ ಜಾಗದಲ್ಲಿ ಇಲ್ಲ, ಅಷ್ಟೇ." ಲ್ಯಾಪ್‌ಟಾಪ್ ಮುಚ್ಚಿದಳು. "ಸೋಮವಾರ ಹೇಳ್ತೀನಿ."

ಅಪ್ಪ ಅವಳ ಕೈ ಹಿಡಿದುಕೊಂಡ. ಯಾರ ಮುಂದೆಯೂ ಬೇಡದವನು ಬೇಡುತ್ತಿದ್ದ. "ಬೇಡ ತಲ್ಲೀ. ಕೆಲಸ ಹೋಗ್ತದೆ. ಹೇಳ್ದೆ ಇದ್ರೆ ಯಾರಿಗೆ ಗೊತ್ತಾಗ್ತದೆ?"

"ನಂಗೆ ಗೊತ್ತಾಗೋಯ್ತಲ್ಲಪ್ಪ."

ಅಪ್ಪ ಕೈ ಬಿಟ್ಟ. ಎದ್ದು ಹೋಗಿ ಕೊಟ್ಟಿಗೆಯ ಹಿಂದೆ ನಿಂತ. ಅವನು ಅಳುವುದನ್ನು ನಾನು ಅವತ್ತೇ ಮೊದಲು ಕೇಳಿದ್ದು.