ಬೀಗತಿ ಎದ್ದರು, ನಾ ಫ್ಯಾನ್ ಬಂದ್ ಮಾಡಿದೆ

ಗೆಳತ್ಯಾರಾ, ಇವತ್ತ ನನ್ನ ಕೈ ನನ್ನ ಮಾನಾನ ಕಳೀತಿತ್ತು. ಟಿಕೋಟಾದಿಂದ ನನ್ನ ಮಗಳ ಅತ್ತಿ ಬಂದಿದ್ರು. ಊಟ ಮುಗಿಸಿ ಕೈ ತೊಳ್ಯಾಕ ಎದ್ದರು. ನನಗೊಬ್ಬಾಕಿಗೆ ಗಾಳಿ ಯಾಕಂತ ಫ್ಯಾನ್ ಬಂದ್ ಮಾಡಿದೆ.

ತಿರುಗಿ ಬಂದವರು ಮ್ಯಾಲೆ ನೋಡಿದ್ರು. "ಯಾಕ್ರೀ ಅಕ್ಕಾರ, ಹೋಗ್ರಿ ಅಂತ ಬಾಯಲೆ ಹೇಳಬಾರದಿತ್ತಾ?"

"ಕರೆಂಟ್ ಉಳಸಾಕ್ರೀ!"

"ನಾ ಬಂದಾಗನ ಉಳಸಬೇಕಿತ್ತಾ?" ಅಂದು ಚೀಲ ಹಿಡದು ಹೊಂಟೇಬಿಟ್ಟರು.

ನಾಳೆ ಮಗಳು ಆ ಮನ್ಯಾಗ ಇದನ್ನ ಕೇಳಬೇಕಲ್ಲ!

ಬಾಗಲದಾಗ ಬೀಗತಿ ಗಕ್ಕನ ನಿಂತ್ರು. ಹಾಡಹಗಲ ಉರಿಯಾಕತ್ತಿದ್ದ ಬಲ್ಬ್ ಆರಿಸಿ, "ಇದನ್ನ ಯಾರ ನೋಡಬೇಕ್ರೀ?" ಅಂತ ನನಗ ಬೈದ್ರು.

ಕೈ ಹಿಡದು ಒಳಗ ಕರಕೊಂಡು ಬಂದೆ. ಈಗ ಇಬ್ಬರೂ ಫ್ಯಾನಿನ ಕೆಳಗ ಕುಂತೀವಿ. ಒಬ್ಬಾಕಿ ಎದ್ದರ ಸಾಕು, ಬಟನ್ ಒತ್ತಾಕ ಇನ್ನೊಬ್ಬಾಕಿ ಕೈ ತುರಸಾಕತ್ತೇತಿ.