ಏನನ್ನೂ ಕುಯ್ಯದ ಚಾಕು

ಅಗ್ಗದ ಚಾಕು ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಸುಗಟೂರಿನಲ್ಲೇ ಇಲ್ಲ ಎಂಬ ಜಂಬ ನನಗೊಂದು ಕಾಲದಲ್ಲಿತ್ತು. ಹಳ್ಳಿ ಮೇಷ್ಟರ ಕೈಗೆ ದುಬಾರಿ ಚಾಕು ಎಲ್ಲಿಂದ ಬರಬೇಕು? ಎರಡಾಣೆಯದರಲ್ಲೇ ಒಳ್ಳೆಯದನ್ನು ಹುಡುಕುವುದು ನನ್ನ ವಿದ್ಯೆ. ಅಲಗನ್ನು ಉಗುರಿನಿಂದ ಮೀಟಿ ಕಿವಿಗೆ ಹಿಡಿಯಬೇಕು. ಹದ ಕೂತ ಕಬ್ಬಿಣ ಸಣ್ಣಗೆ ಹಾಡುತ್ತದೆ, ಹದಗೆಟ್ಟದ್ದು ತಗಡಿನಂತೆ ಗೊಣಗುತ್ತದೆ. ಹಿಡಿಯ ಬುಡದ ಬಿರುಕನ್ನು ಅರಗು ತುಂಬಿ ಮುಚ್ಚಿದ್ದಾರೆಯೇ ನೋಡಬೇಕು. ಕೊನೆಗೆ ಏನನ್ನಾದರೂ ಕುಯ್ಯಬೇಕು. ಕುಯ್ದು ನೋಡದೆ ಚಾಕು ಕೊಂಡವನೂ ಹಲ್ಲು ನೋಡದೆ ಎತ್ತು ಕೊಂಡವನೂ ಒಂದೇ ಎಂದು ಸಿಕ್ಕವರಿಗೆಲ್ಲ ಪಾಠ ಹೇಳುತ್ತಿದ್ದೆ.

ಆದರೆ ನಮ್ಮ ಮನೆಯಲ್ಲೊಂದು ಪದ್ಧತಿ. ಬಾಣಂತಿಯ ತಲೆದೆಸೆಗೆ ಇಡುವ ಚಾಕು ಹೊಸದಾಗಿರಬೇಕು, ಏನನ್ನೂ ಕುಯ್ದಿರಬಾರದು. "ಒಂದ್ಸಲ ರುಚಿ ಕಂಡ ಕಬ್ಬಿಣ ಕಾವಲಿಗೆ ಬರಲ್ಲ ಕಣೋ," ಎನ್ನುತ್ತಿದ್ದಳು ಅಮ್ಮ. "ಕಾಯೋದು ಬಿಟ್ಟು ಇನ್ನೊಂದು ರುಚಿ ಕೇಳ್ತದೆ."

ಯುದ್ಧದ ಕಾಲದಲ್ಲಿ ನನ್ನ ಹೆಂಡತಿ ಸಾವಿತ್ರಿಗೆ ಮೂರನೆಯ ಹೆರಿಗೆಯಾಯಿತು. ಮೊದಲಿನ ಎರಡು ಕೂಸುಗಳೂ ಒಂಬತ್ತನೆಯ ದಿನ ದಾಟಿರಲಿಲ್ಲ. ಈ ಹೆಣ್ಣುಕೂಸಾದರೂ ಉಳಿದರೆ ಸಾಕಪ್ಪ ಎಂದು ಮನೆಯವರೆಲ್ಲ ಉಸಿರು ಬಿಗಿ ಹಿಡಿದಿದ್ದೆವು. ಚಾಕು ತರಲು ಶ್ರೀನಿವಾಸಪುರದ ಸಂತೆಗೆ ಹೋದೆ. ಮಾವಿನ ಸುಗ್ಗಿ. ಗೋಣಿಯ ಮೇಲೆ ಚಾಕು ಹರಡಿಕೊಂಡಿದ್ದ ಮುದುಕ ಒಂದು ಮಾವಿನಕಾಯಿ ಮುಂದೆ ಹಿಡಿದು, "ಕೋಸಿ ಚೂಡು ಸಾಮಿ, ಕುಯ್ದು ನೋಡಿ," ಎಂದ. ಅಮ್ಮನ ಮಾತು ನೆನಪಿತ್ತು. ಆದರೆ ಕೈ ಕೇಳಬೇಕಲ್ಲ! ಕಾಯಿ ಎರಡು ಹೋಳಾಯಿತು. ಸೊನೆಯನ್ನು ಪಂಚೆಗೆ ಒರೆಸಿಕೊಂಡು, ಏನೂ ಆಗದವನಂತೆ ಮನೆಗೆ ಬಂದು ಆ ಚಾಕುವನ್ನೇ ಸಾವಿತ್ರಿಯ ತಲೆದೆಸೆಗಿಟ್ಟೆ.

ಹೆರಿಗೆಯಾದ ಮೂರನೆಯ ದಿನ, ಕೂಸನ್ನು ನೋಡಲು ಬಗ್ಗಿದಾಗ ಅಲಗಿನ ಮೇಲೆ ಸಾಸಿವೆಯಷ್ಟು ಕಪ್ಪು ಕಂಡಿತು. ಮಾವಿನ ಸೊನೆಗೆ ಕಬ್ಬಿಣ ಕಪ್ಪಾಗುತ್ತದೆ, ಅದು ನನ್ನ ಶಾಲೆಯ ಮಕ್ಕಳಿಗೂ ಗೊತ್ತು. ಐದನೆಯ ದಿನ ಅದು ಹುಣಸೆಬೀಜದಷ್ಟಾಗಿತ್ತು. ಏಳನೆಯ ದಿನ ಬಿರುಬಿಸಿಲಿನ ಮಧ್ಯಾಹ್ನ, ಕೂಸಿನ ಪಕ್ಕ ಕೂತಿದ್ದಾಗ ಕಿವಿಗೆ ಸಣ್ಣಗೆ ಬಿತ್ತು, ಉಗುರಿನಿಂದ ಮೀಟಿದ ಹದವಾದ ಕಬ್ಬಿಣದ ದನಿ. ಸಾವಿತ್ರಿ ನಿದ್ದೆಯಲ್ಲಿದ್ದಳು. ನನ್ನ ಎರಡು ಕೈಯೂ ತೊಡೆಯ ಮೇಲಿದ್ದವು. ಮೀಟಿದವರು ಯಾರು? ಎಂಟನೆಯ ದಿನ ಕೂಸು ಹಾಲು ಕುಡಿಯುವುದನ್ನು ಬಿಟ್ಟಿತು.

ನೀವು ನಗಬಹುದು. ನನಗೆ ಆಗ ಹೊಳೆದದ್ದನ್ನು ಬರೆದೇ ಬಿಡುತ್ತೇನೆ. ಮೊದಲಿನ ಎರಡು ಚಾಕುಗಳನ್ನೂ ತಂದವನು ನಾನೇ. ಒಂದರಲ್ಲಿ ಸೌತೆಕಾಯಿ ಕುಯ್ದು ನೋಡಿದ್ದೆ, ಇನ್ನೊಂದರಲ್ಲಿ ಸೀಬೆಹಣ್ಣು.

ಒಂಬತ್ತನೆಯ ದಿನ ಬೆಳಿಗ್ಗೆ ಅಮ್ಮನ ಕಾಲು ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮೂರು ಸಲಾನೂ ಏನ್ಲಾ?" ಎಂದಷ್ಟೇ ಕೇಳಿದಳು. ಚಾಕುವನ್ನು ಹಿತ್ತಿಲ ಒಗೆಯುವ ಕಲ್ಲಿಗೆ ಒಯ್ದು, ಅಲಗಿನ ಬಾಯನ್ನು ನೆಟ್ಟಗೆ ಒತ್ತಿ ಹಿಡಿದು ಉಜ್ಜತೊಡಗಿದಳು. ಅಯ್ಯೋ, ನಾನೇ ಆರಿಸಿದ ಚಾಕು, ಬೇಗ ಸೋಲುವುದುಂಟೇ! ಬಹಳ ಹೊತ್ತು ಹಾಡಿತು, ಆಮೇಲೆ ಗೊಣಗಿತು, ಆಮೇಲೆ ಸುಮ್ಮನಾಯಿತು. ಬೆರಳನ್ನು ಎಳೆದರೂ ಗೀರು ಬೀಳದಷ್ಟು ಮೊಂಡಾದ ಮೇಲೆ ಅದನ್ನು ಮತ್ತೆ ತಲೆದೆಸೆಗಿಟ್ಟಳು.

"ಹಲ್ಲು ಕಿತ್ತಿದೀನಿ. ಇನ್ನು ಕಾಯ್ತದೆ, ಬಿಡು."

ಸಂಜೆಗೆ ಕೂಸು ಹಾಲು ಕುಡಿಯಿತು.

ಆ ಕೂಸಿಗೀಗ ಐದು ವರ್ಷ. ಚಾಕು ಗೋಡೆಯ ಗೂಡಿನಲ್ಲಿದೆ, ಬೆಣ್ಣೆಯನ್ನೂ ಕುಯ್ಯದು. ನಾನು ಕೊಂಡ ಚಾಕುಗಳಲ್ಲಿ ಇದರಷ್ಟು ಬೆಲೆಬಾಳುವುದು ಇನ್ನೊಂದಿಲ್ಲ. ಕಪ್ಪು ಮಾತ್ರ ಎಷ್ಟು ಉಜ್ಜಿದರೂ ಹೋಗಿಲ್ಲ. "ಅದೇನಪ್ಪ ಅಷ್ಟು ಕಪ್ಪಗೆ?" ಎಂದು ಮಗಳು ಆಗಾಗ ಕೇಳುತ್ತಾಳೆ. ನನ್ನೊಳಗಿನ ಮೇಷ್ಟರು ಮಾವಿನ ಸೊನೆ ಎನ್ನುತ್ತಾರೆ. ನನ್ನೊಳಗಿನ ಅಪ್ಪ ಅಲಗಿನ ಮೇಲೆ ಬೆರಳೆಳೆದು, ಇನ್ನೂ ಮೊಂಡಾಗಿಯೇ ಇದೆಯೇ ಎಂದು ನೋಡುತ್ತಾನೆ.